ಹನ್ನೊಂದು ಡಬ್ಬಿ ಚಟ್ನಿಪುಡಿ

ಅರ್ಜಿಯ ಒಂಬತ್ತನೆಯ ಕಾಲಂನಲ್ಲಿ 'ಆಹಾರ' ಎಂದಿತ್ತು. ಅದರ ಮುಂದೆ 'ಶುದ್ಧ ಸಸ್ಯಾಹಾರ' ಎಂದು ದುಂಡಕ್ಷರದಲ್ಲಿ ಬರೆದವನು ನಾನೇ. ಯಾರನ್ನೂ ಕೇಳಲಿಲ್ಲ. ಕೇಳಬೇಕೆಂದು ಹೊಳೆಯಲೂ ಇಲ್ಲ. ನಮ್ಮ ಮಳವಳ್ಳಿ ಕಡೆ ಶಾಲೆಯ ಹೆಸರಿನಲ್ಲಿ ಒಲೆ ಹೊತ್ತಿದರೆ ಅದರ ಮೇಲೆ ಬೇಯುವುದು ಪುಳಿಯೋಗರೆ, ಕೇಸರಿಬಾತು. ಅದೇ ಮಕ್ಕಳ ಮನೆಯಲ್ಲಿ, ಅದೇ ಮೇಷ್ಟರ ಮನೆಯಲ್ಲಿ, ಭಾನುವಾರ ಹತ್ತು ಗಂಟೆಗೆಲ್ಲ ಮಸಾಲೆಯ ಘಮ ಬೀದಿಗೆ ಬಂದಿರುತ್ತದೆ. ಆದರೆ ಶಾಲೆ ಶಾಲೆಯೇ, ಮನೆ ಮನೆಯೇ. ಇದು ಬರೆದಿಟ್ಟ ಕಾನೂನಲ್ಲ. ಬರೆದಿದ್ದರೆ ಯಾರಾದರೂ ಮುರಿಯುತ್ತಿದ್ದರು.

ಹೀಗೆ ಇಪ್ಪತ್ತನಾಲ್ಕು ಮಕ್ಕಳು, ವಾರಕ್ಕೊಮ್ಮೆ ಮೂಳೆ ಕಡಿಯದಿದ್ದರೆ ಮುಖ ಬಾಡಿಸಿಕೊಳ್ಳುವವರೇ ಹೆಚ್ಚು, ಐದು ದಿನದ ಸಿಂಗಪುರ ಪ್ರವಾಸದ ಉದ್ದಕ್ಕೂ ತೊವ್ವೆ-ಅನ್ನ ತಿನ್ನುವ ಒಪ್ಪಂದಕ್ಕೆ ನನ್ನ ಕೈಬರಹದ ಮೂಲಕ ಒಳಪಟ್ಟರು.

ಪ್ರವಾಸಕ್ಕೆ ಕಾರಣ ಅಲ್ಲಿನ ಒಂದು ಶಾಲೆಯ ವಿಜ್ಞಾನ ಮೇಳ. ನಾವು ಇಳಿದ ಮರುದಿನ ಅದು. ನಮ್ಮ ಶಾಲೆಯಿಂದ ಆಯ್ಕೆಯಾಗಿದ್ದ ಮಾದರಿ ಒಂದೇ: ಬಿಸಿಲಿನಲ್ಲಿ ಒಣಗಿಸುವ ಪೆಟ್ಟಿಗೆ. ಅದನ್ನು ಮಾಡಿದವಳು ಪೂರಿಗಾಲಿಯಿಂದ ಬರುವ ಒಂಬತ್ತನೆಯ ತರಗತಿಯ ಹುಡುಗಿ. ಮನೆಯ ಹಳೆಯ ಟ್ರಂಕಿಗೆ ಒಳಗೆಲ್ಲ ಕಪ್ಪು ಬಣ್ಣ ಬಳಿದು, ಮುಚ್ಚಳದ ಜಾಗಕ್ಕೆ ಕಿಟಕಿಯ ಗಾಜು ಕೂರಿಸಿ, ಮುಂಭಾಗದ ಕೆಳಗೆ ಸಣ್ಣ ತೂತು, ಹಿಂಭಾಗದ ಮೇಲೆ ದೊಡ್ಡ ತೂತು ಕೊರೆದಿದ್ದಳು. ಒಳಗೆ ತಂತಿ ಬಲೆಯ ಎರಡು ಅಟ್ಟ. ಕೆಳಗಿನಿಂದ ತಣ್ಣನೆ ಗಾಳಿ ಬರುತ್ತದೆ, ಕಾಯುತ್ತದೆ, ಒದ್ದೆಯನ್ನು ಹೊತ್ತುಕೊಂಡು ಮೇಲಿನಿಂದ ಹೋಗುತ್ತದೆ. ನೊಣ ಕೂರುವುದಿಲ್ಲ, ಕಾಗೆ ಎತ್ತುವುದಿಲ್ಲ. ಇದರಲ್ಲಿ ಟೊಮೆಟೊ ಒಣಗಿಸಬಹುದು ಎಂದು ಅವಳು ವೇದಿಕೆಯ ಮೇಲೆ ಇಂಗ್ಲಿಷಿನಲ್ಲಿ ಹೇಳಬೇಕಿತ್ತು. ಆ ಭಾಷಣ ಬರೆದುಕೊಟ್ಟವನೂ ನಾನೇ. ನಾನು ಸಮಾಜ ವಿಜ್ಞಾನದ ಮೇಷ್ಟ್ರು. ಆದರೂ ಶಾಲೆಯಲ್ಲಿ ಬರೆಯುವ ಕೆಲಸವೆಲ್ಲ ನನ್ನ ಪಾಲಿಗೆ ಬರುತ್ತದೆ.

ಹುಡುಗಿಯ ಬದಲಿಗೆ ಮಾತಾಡಲು ಸಿದ್ಧವಾಗಿ ಇನ್ನೊಬ್ಬಳಿದ್ದಳು. ಅವಳ ತಂದೆ ಕೊತ್ತತ್ತಿಯ ಗುತ್ತಿಗೆದಾರರು, ಪೋಷಕರ ಪ್ರತಿನಿಧಿಯಾಗಿ ನಮ್ಮ ಜೊತೆಗೇ ಹೊರಟಿದ್ದರು. ತಮ್ಮ ಮಗಳ ಇಂಗ್ಲಿಷು ಚೆನ್ನಾಗಿದೆ, ಪೆಟ್ಟಿಗೆ ಯಾರು ಮಾಡಿದರೇನು, ಮಾತು ಅವಳಾಡಲಿ ಎಂಬುದು ಅವರ ವಾದ. ಆಡಳಿತ ಮಂಡಳಿ ಒಪ್ಪಿರಲಿಲ್ಲ. ಅವರು ಬಿಟ್ಟಿರಲೂ ಇಲ್ಲ.

ಇನ್ನೊಂದು ದಸ್ತಾವೇಜಿನ ವಿಚಾರ ಹೇಳಬೇಕು. ಹೊರಡುವ ಮುಂಚೆ ಎಲ್ಲರೂ ಒಂದು ಮುಚ್ಚಳಿಕೆಗೆ ಸಹಿ ಹಾಕಿದ್ದರು. ಕಲಮು ಐದು: 'ನಿಯಮ ಮುರಿದು ತಂಡಕ್ಕೆ ಅಡಚಣೆ ಉಂಟುಮಾಡಿದವರು ಮೇಳದ ವೇದಿಕೆಯನ್ನು ಏರತಕ್ಕದ್ದಲ್ಲ.' ಬರೆದವರು ಯಾರೆಂದು ಮತ್ತೆ ಹೇಳುವ ಅಗತ್ಯವಿಲ್ಲ. 'ತಕ್ಕದ್ದಲ್ಲ' ಎಂದು ಬರೆದಾಗ ನನಗೆ ಒಂದು ಬಗೆಯ ಸುಖವಾಗುತ್ತದೆ, ಒಪ್ಪಿಕೊಳ್ಳುತ್ತೇನೆ.

ಹೊರಡುವ ದಿನ ಮಧ್ಯಾಹ್ನ ಶಾಲೆಯ ಜಗಲಿಯ ಮೇಲೆ ಎಲ್ಲ ಚೀಲಗಳನ್ನೂ ಬಿಚ್ಚಿಸಿ ತಪಾಸಣೆ ಮಾಡಿದೆ. ಕೈಯಲ್ಲಿ ನಿಷೇಧಿತ ವಸ್ತುಗಳ ಪಟ್ಟಿ. ಒಬ್ಬನ ಚೀಲದಲ್ಲಿ ಕುಡುಗೋಲಿನ ತಮ್ಮನಂಥ ಚಾಕು ಸಿಕ್ಕಿತು. ಇನ್ನೊಬ್ಬಳ ಚೀಲದಲ್ಲಿ ಇಡೀ ಒಂದು ತೆಂಗಿನಕಾಯಿ. ಮೂರನೆಯ ಚೀಲದಲ್ಲಿ ಬಿಳಿ ಬಟ್ಟೆ ಸುತ್ತಿದ ಒಂದು ಸ್ಟೀಲ್ ಡಬ್ಬಿ.

"ಇದೇನಪ್ಪ?"

"ಚಟ್ನಿಪುಡಿ ಸಾರ್."

ಐದನೆಯ ಚೀಲದಲ್ಲೂ ಡಬ್ಬಿ. "ಇದು?"

"ಚಟ್ನಿಪುಡಿ ಸಾರ್."

ಒಟ್ಟು ಹತ್ತು ಚಟ್ನಿಪುಡಿ. ಯಾವ ಡಬ್ಬಿಯನ್ನೂ ನಾನು ತೆರೆಯಲಿಲ್ಲ. ತೆರೆಯುವ ಅಗತ್ಯವಿರಲಿಲ್ಲ, ಮೂಗಿತ್ತು. ಉಪ್ಪು, ಅರಿಸಿನ, ಬೆಳ್ಳುಳ್ಳಿ, ಮೆಣಸಿನಕಾಯಿ ಸವರಿ ದಾರಕ್ಕೆ ಪೋಣಿಸಿ ಬಿಸಿಲಿಗೆ ಕಟ್ಟಿದ ಮಾಂಸ; ಅದನ್ನು ನಮ್ಮ ಕಡೆ ಉಪ್ಪುಕಂಡ ಅನ್ನುತ್ತಾರೆ. ಕೆಂಡದ ಮೇಲೆ ಎರಡು ಮಗುಚು ಹಾಕಿದರೆ ಸಾಕು, ಬರೀ ಅನ್ನವೂ ಇಳಿಯುತ್ತದೆ. ಐದು ದಿನ ತೊವ್ವೆ ತಿನ್ನಬೇಕಾದ ಮಗುವಿಗೆ ತಾಯಂದಿರು ಇದನ್ನಲ್ಲದೆ ಇನ್ನೇನು ಕಟ್ಟಿಕೊಡುತ್ತಾರೆ?

ಪೂರಿಗಾಲಿ ಹುಡುಗಿಯ ಅಜ್ಜಿ ಜಗಲಿಯ ಕಂಬಕ್ಕೆ ಒರಗಿ ನನ್ನ ಕೈಯನ್ನೇ ನೋಡುತ್ತಿದ್ದಳು.

"ಅಲ್ಲ ಕಣ್ ಮೇಷ್ಟ್ರೇ, ಐದ್ ದಿನ ಬರೀ ಬೇಳೆ ನೀರ್ ಕುಡ್ಕಂಡ್ ಇರಾಕಾದದಾ ಮಗೀಗೆ? ವಸಿ ಚಟ್ನಿಪುಡಿ ಮಡಗಿವ್ನಿ. ನೀವೂ ವಸಿ ಈಸ್ಕಳಿ."

"ನಂಗೂ ಮನೇಲಿ ಚಟ್ನಿಪುಡಿ ಕಟ್ಟವ್ರೆ ಬುಡವ್ವ," ಎಂದೆ.

ಅಜ್ಜಿ ನನ್ನ ಮುಖ ನೋಡಿದಳು. ನಾನು ಅವಳ ಮುಖ ನೋಡಿದೆ. ಚರಿತ್ರೆಯ ರಹಸ್ಯ ಒಪ್ಪಂದಗಳೆಲ್ಲ ಹೀಗೇ ಆಗಿರಬೇಕು.

ಹೌದು, ಹನ್ನೊಂದನೆಯ ಡಬ್ಬಿ ನನ್ನ ಚೀಲದಲ್ಲಿತ್ತು. ಬೆಳಿಗ್ಗೆ ನನ್ನ ಹೆಂಡತಿ ಅದನ್ನು ಮೈಸೂರು ಪೇಟದ ಪಕ್ಕದಲ್ಲಿ ಇಟ್ಟದ್ದನ್ನು ಕಣ್ಣಾರೆ ಕಂಡಿದ್ದೆ. ಮೇಳದಲ್ಲಿ ನಮ್ಮ ಶಾಲೆಯ ಪರವಾಗಿ ವಂದನಾ ಭಾಷಣ ಮಾಡುವವನು ನಾನು, ಪೇಟ ಅದಕ್ಕೆ. ನಾಲ್ಕು ಪುಟದ ಭಾಷಣವನ್ನು ಒಂದು ತಿಂಗಳು ಹಿತ್ತಲಲ್ಲಿ ಕಟ್ಟಿದ ಎಮ್ಮೆಯ ಮುಂದೆ ಒಪ್ಪಿಸಿದ್ದೆ. ಇಂಥ ಘನಸ್ಥಾನದಲ್ಲಿದ್ದುಕೊಂಡು 'ಎಲ್ಲ ಚೀಲಗಳನ್ನೂ ಖುದ್ದು ಪರಿಶೀಲಿಸಿದ್ದೇನೆ, ನಿಷೇಧಿತ ವಸ್ತು ಯಾವುದೂ ಇಲ್ಲ' ಎಂಬ ಪ್ರಮಾಣಪತ್ರಕ್ಕೆ ಸಹಿ ಹಾಕಿದೆ. ಪಟ್ಟಿಯ ಹನ್ನೆರಡನೆಯ ಸಾಲಿನಲ್ಲಿ 'ಮಾಂಸ ಮತ್ತು ಮಾಂಸದ ಪದಾರ್ಥ' ಎಂದು ಸ್ಪಷ್ಟವಾಗಿತ್ತು. ಚಟ್ನಿಪುಡಿ ಎಂದು ಎಲ್ಲೂ ಇರಲಿಲ್ಲ.

ಮರುದಿನ ಬೆಳಿಗ್ಗೆ ವಿಮಾನ ಇಳಿದ ಕೂಡಲೇ ಪರದೇಶದ ನೆಲದ ಮೇಲೆ ನಾನಾಡಿದ ಮೊದಲ ಮಾತು "ಜೋಡಿ ಹಿಡೀರಿ" ಎಂಬುದು. ಎರಡನೆಯದು "ಎಣಿಸ್ಕೊಳ್ಳಿ." ತಲಕಾಡಿಗೆ, ಗಗನಚುಕ್ಕಿಗೆ ಮಕ್ಕಳನ್ನು ಕರೆದೊಯ್ದು ಒಬ್ಬರನ್ನೂ ಕಳೆಯದೆ ತಂದದ್ದು ಈ ಪದ್ಧತಿಯಿಂದಲೇ. ಹನ್ನೆರಡು ಜೋಡಿ, ಪ್ರತಿ ಜೋಡಿಗೂ ಒಂದು ಸಂಖ್ಯೆ. ಸೀಟಿ ಊದಿದರೆ "ಒಂದು ಬಂದೋ! ಎರಡು ಬಂದೋ!" ಎಂದು ಕೂಗಬೇಕು. ಮಕ್ಕಳು ಕೂಗಿದರು. ಆ ವಿಮಾನ ನಿಲ್ದಾಣದ ರತ್ನಗಂಬಳಿ ಅಂಥ ಕೂಗನ್ನು ಕೇಳಿರಲಾರದು. ಏಳನೆಯ ಜೋಡಿಯ ಹೊತ್ತಿಗೆ ಕಾವಲಿನವನೊಬ್ಬ ಓಡಿ ಬಂದ. ಅವನಿಗಿಂತ ಮುಂಚೆ ನಮ್ಮ ಟೂರ್ ಮ್ಯಾನೇಜರ್ ಓಡಿ ಬಂದರು.

"ಸಾರ್, ಇದು ನಿಮ್ಮ ಮಳವಳ್ಳಿ ಬಸ್ ಸ್ಟ್ಯಾಂಡ್ ಅಲ್ಲ. ಮೊಬೈಲಲ್ಲಿ ಲಿಸ್ಟ್ ಇದೆ, ನಾನು ಟಿಕ್ ಮಾಡ್ಕೋತೀನಿ."

"ಮೊಬೈಲ್ 'ಬಂದೆ ಸಾರ್' ಅನ್ನುತ್ತಾ?" ಎಂದೆ.

ಅವರು ಬೆಂಗಳೂರಿನವರು, ಕೈಯಲ್ಲೊಂದು ಕಿತ್ತಳೆ ಬಾವುಟ. ಅಲ್ಲಿಂದ ಮುಂದೆ ಅವರು ನನ್ನನ್ನು 'ಸಾರ್' ಎಂದು ಕರೆದಾಗಲೆಲ್ಲ ಅದು ಬೈಗುಳದಂತೆ ಕೇಳಿಸಿತು.

ಪಾಸ್‌ಪೋರ್ಟಿನ ಕಟ್ಟೆ ಸುಸೂತ್ರವಾಗಿ ದಾಟಿದೆವು. ಹೆಬ್ಬೆಟ್ಟು ಒತ್ತುವುದರಲ್ಲಿ ನಮ್ಮ ಜಿಲ್ಲೆಗೆ ಹಳೆಯ ಅನುಭವವಿದೆ. ಚೀಲಗಳೂ ಬಂದವು. ಎಲ್ಲಕ್ಕೂ ಕೊನೆಗೆ, ಬೇರೆ ಬಾಗಿಲಿನಿಂದ, ರಟ್ಟಿನಲ್ಲಿ ಸುತ್ತಿದ ಟ್ರಂಕು ಬಂತು. ಮುಂದೆ ಎರಡು ದಾರಿ. ಘೋಷಿಸಬೇಕಾದ ಸಾಮಾನಿದ್ದವರು ಕೆಂಪು ದಾರಿಯಲ್ಲಿ, ಏನೂ ಇಲ್ಲದವರು ಹಸಿರು ದಾರಿಯಲ್ಲಿ ಹೋಗಬೇಕು. ಮ್ಯಾನೇಜರ್ ಬಾವುಟವನ್ನು ಹಸಿರಿನ ಕಡೆ ತಿರುಗಿಸಿದರು. ಅಷ್ಟರಲ್ಲಿ ಸಮವಸ್ತ್ರದ ಒಬ್ಬ ಅಧಿಕಾರಿಣಿ ಟ್ರಂಕಿನತ್ತ ಬೆರಳು ತೋರಿಸಿ, ಬದಿಯ ಉದ್ದನೆಯ ಮೇಜಿಗೆ ತರುವಂತೆ ಹೇಳಿದಳು.

ಹುಡುಗಿ, ನಮ್ಮ ಜೊತೆ ಬಂದಿದ್ದ ವಿಜ್ಞಾನದ ಮೇಡಂ, ನಾನು ಹೋದೆವು. ಉಳಿದವರು ಹಸಿರು ದಾರಿಯ ಗೆರೆಯ ಈಚೆಯೇ ನಿಂತರು. ಒಳಗೆಲ್ಲ ಕಪ್ಪು ಬಣ್ಣ, ಎರಡೂ ಕಡೆ ತೂತು, ನಡುವೆ ತಂತಿ ಬಲೆ. ಯಾವ ದೇಶದ ಅಧಿಕಾರಿಗಾದರೂ ಕುತೂಹಲ ಹುಟ್ಟಿಸುವ ಪೆಟ್ಟಿಗೆ. ಮೇಡಂ ಬಿಸಿಗಾಳಿ ಮೇಲೇರುವ ತತ್ವವನ್ನು ವಿವರಿಸಿದರು. ಅಧಿಕಾರಿಣಿ ಕೇಳುತ್ತಾ ಕೇಳುತ್ತಾ ಬಲೆಯ ಹತ್ತಿರಕ್ಕೆ ಮೂಗು ತಂದಳು.

"ಇದರಲ್ಲಿ ಏನು ಒಣಗಿಸಿದ್ದೀರಿ?"

"ಟೊಮೆಟೊ," ಎಂದರು ಮೇಡಂ.

ಅವಳು ಮೇಡಂ ಅವರನ್ನು ಬಿಟ್ಟು ಹುಡುಗಿಯ ಕಡೆ ತಿರುಗಿದಳು. ಹೆಗಲ ಚೀಲ ತೆರೆಯಲು ಹೇಳಿದಳು. ಬಿಳಿ ಬಟ್ಟೆ ಬಿಚ್ಚಿತು, ಡಬ್ಬಿಯ ಮುಚ್ಚಳ ಎದ್ದಿತು. ಕಂಪು ಮೇಜಿನ ಸುತ್ತ ಹರಡಿತು. ನನ್ನ ಬಾಯಲ್ಲಿ ನೀರೂರಿತು. ಅಂಥ ಹೊತ್ತಿನಲ್ಲೂ ನಾಲಿಗೆಗೆ ಮರ್ಯಾದೆಯಿರಲಿಲ್ಲ.

"ಉಪ್ಪುಕಂಡಂ," ಎಂದಳು ಅಧಿಕಾರಿಣಿ. ತಮಿಳು ಮನೆತನದವಳು. ಕೊಳ್ಳೇಗಾಲದ ಸಂತೆಯಲ್ಲಿ ಕಲಿತ ನನ್ನ ತಮಿಳು ಅಲ್ಲಿ ಪ್ರಯೋಜನಕ್ಕೆ ಬಂತು. "ನನ್ನ ಪಾಟ್ಟಿ ಮಾಡುತ್ತಿದ್ದರು," ಎಂದಳು. ಪಾಟ್ಟಿ ಎಂದರೆ ಅಜ್ಜಿ.

ಬದುಕಿದೆವು ಎಂದುಕೊಂಡು ನಾವು ನಕ್ಕೆವು. ಅವಳು ನಗಲಿಲ್ಲ. "ಮಾಂಸ ತರುವಂತಿಲ್ಲ. ಮೊದಲೇ ಹೇಳಿ ಒಪ್ಪಿಸಿದರೆ ಚೀಟಿ ಬರೆದು ಬಿಡುತ್ತೇವೆ. ಹೇಳದೆ ಹಸಿರು ದಾರಿ ದಾಟಿದರೆ ಅಪರಾಧ. ಈ ಹುಡುಗಿ ಗೆರೆ ದಾಟಿಲ್ಲ, ಆದರೆ ಹೇಳಿಕೆ ಬರೆದುಕೊಳ್ಳಬೇಕು. ಪೆಟ್ಟಿಗೆಗೆ ಔಷಧಿ ಹೊಡೆಯಬೇಕು. ಇವಳಿಗೆ ಯಾರು ಜವಾಬ್ದಾರಿ?" ಆಮೇಲೆ ಗೆರೆಯ ಈಚೆ ನಿಂತಿದ್ದ ದಂಡನ್ನು ನೋಡಿದಳು. "ಅವರ ಹತ್ತಿರ?"

ಯೋಚಿಸಿ ಹೇಳಿ ಎಂಬಂತೆ ಅವಳು ಪುಸ್ತಕ ತರಲು ಹೋದಳು.

ಆ ಐದು ನಿಮಿಷದಲ್ಲಿ ನಮ್ಮ ಯುದ್ಧ ನಡೆಯಿತು. ಮ್ಯಾನೇಜರ್ ಬಂದು, "ಸಾರ್, ಹೊರಗೆ ಬಸ್ಸು ಒಂದು ಗಂಟೆ ಮಾತ್ರ ಕಾಯುತ್ತೆ. ಮೇಡಂ ಆ ಹುಡುಗಿ ಜೊತೆ ಇಲ್ಲಿರಲಿ. ಮಿಕ್ಕವರು ಸೀದಾ ಗ್ರೀನಲ್ಲಿ ನಡೀರಿ. ಒಂದು ಮಗುಗೋಸ್ಕರ ಇಡೀ ದಿನದ ಪ್ರೋಗ್ರಾಂ ಹಾಳು ಮಾಡೋಕಾಗಲ್ಲ," ಎಂದರು.

ಗುತ್ತಿಗೆದಾರರು ಅಂಗಿಯ ಜೇಬಿನಿಂದ ಮುಚ್ಚಳಿಕೆಯ ಜೆರಾಕ್ಸ್ ತೆಗೆದರು. ಅದನ್ನು ಮಡಿಸಿ ಇಟ್ಟುಕೊಂಡೇ ವಿಮಾನ ಹತ್ತಿದ್ದರು.

"ಮೇಷ್ಟ್ರೇ, ಕಲಮು ಐದು. ನಿಮ್ದೇ ಬರವಣಿಗೆ. ಓದ್ಲಾ?"

"ನನಗೆ ಬಾಯಿಪಾಠ ಇದೆ."

"ಅಂಗಾದ್ರೆ ಇಲ್ಲೇ ಬರ್ದು ಸೈನ್ ಆಕಿ. ನಾಳೆ ನನ್ ಮಗಳು ಮಾತಾಡ್ತಳೆ." ಆಮೇಲೆ ನನ್ನ ಕಿವಿಯ ಹತ್ತಿರ ಬಗ್ಗಿದರು. ನಾವಿಬ್ಬರೂ ಒಂದೇ ಜನ ಎಂಬ ಸಲುಗೆ. "ಅವ್ರ ಕೇರೀಲಿ ಇವೆಲ್ಲ ಮಾಮೂಲಿ. ಅಂತೋರ್ನ ದೇಶ ತೋರುಸ್ತೀನಿ ಅಂತ ಕರ್ಕಂಡ್ ಬಂದ್ರೆ ಇಂಗೇ ಮಾನ ಕಳೆಯದು."

ಅವರ ಬಾಯಿಂದ ಬೆಳಗಿನ ಕಾಫಿಯ ವಾಸನೆ ಬರುತ್ತಿತ್ತು. ನನ್ನ ಚೀಲದಿಂದ ಬರುತ್ತಿದ್ದದ್ದು ಬೇರೆ. ಅದು ಅವರ ಮೂಗಿಗೆ ಬಡಿಯುತ್ತಿಲ್ಲವಲ್ಲ ಎಂದು ನನಗೆ ಆಶ್ಚರ್ಯ.

ಹುಡುಗಿ ಅಳುತ್ತಿರಲಿಲ್ಲ. ಬಿಚ್ಚಿಟ್ಟ ಟ್ರಂಕಿನ ಗಾಜು ಮೇಜಿನಿಂದ ಜಾರೀತೆಂದು ಎರಡೂ ಕೈಯಲ್ಲಿ ಒತ್ತಿ ಹಿಡಿದು ನಿಂತಿದ್ದಳು. ಗುತ್ತಿಗೆದಾರರು ಪಿಸುಗುಟ್ಟಿದ್ದು ಅವಳಿಗೆ ಕೇಳಿಸಿತ್ತು. ಅವರ ಪಿಸುಮಾತು ಮಂಡ್ಯದಲ್ಲಿ ಆಡಿದರೆ ಮದ್ದೂರಿಗೆ ಕೇಳಿಸುವಂಥದು.

"ಸಾರ್, ನಮ್ಮಜ್ಜಿಗ್ ಏಳ್ಬ್ಯಾಡಿ ಸಾರ್. ನಂದೇ ತಪ್ಪು ಅಂತ ಕೊರುಗ್ತಳೆ." ಆಮೇಲೆ ಗಾಜಿನ ಮೇಲಿನ ಕೈ ತೆಗೆಯದೆಯೇ ಹೇಳಿದಳು, "ತಿನ್ನಾಕ್ ತರ್ಲಿಲ್ಲ ಸಾರ್. ಪೆಟ್ಗೇಲಿ ಒಣುಗ್ಸಿರದು ಅದು. ಸ್ಯಾಂಪಲ್ಲು. ಟೊಮೆಟೊ ನಾನ್ ಯಾವತ್ತೂ ಒಣುಗ್ಸೇ ಇಲ್ಲ."

ನನಗೆ ಆಗ ಅರ್ಥವಾಯಿತು. ಟ್ರಂಕಿಗೆ ಗಾಜು ಹಾಕಿದ್ದು ಅಜ್ಜಿಯ ದಾರದಿಂದ ಕಾಗೆ ಮಾಂಸ ಎಗರಿಸುತ್ತದೆ ಎಂದು. ಟೊಮೆಟೊ ನನ್ನ ಕೊಡುಗೆ. ಒಂಬತ್ತನೆಯ ಕಾಲಂನ ಶುದ್ಧ ಸಸ್ಯಾಹಾರ ಅವಳ ಭಾಷಣಕ್ಕೂ ನುಗ್ಗಿತ್ತು.

ಆ ಹೊತ್ತಿನಲ್ಲಿ ನಾನು ಧರ್ಮಾಧರ್ಮದ ವಿಚಾರ ಮಾಡಿದೆ ಎಂದು ಬರೆದರೆ ಸುಳ್ಳಾಗುತ್ತದೆ. ನಾನು ಲೆಕ್ಕ ಹಾಕಿದ್ದು ಇಷ್ಟೇ: ಮುಂದಿನ ವರ್ಷ ನಿವೃತ್ತಿ; ಪ್ರಮಾಣಪತ್ರದ ಮೇಲೆ ನನ್ನ ಸಹಿ; ಹಸಿರು ದಾರಿ ಇಪ್ಪತ್ತು ಹೆಜ್ಜೆ. ಇಪ್ಪತ್ತು ಹೆಜ್ಜೆ ನಡೆದರೆ ಬಸ್ಸು, ಹೋಟೆಲು, ಪೇಟ, ನಾಲ್ಕು ಪುಟದ ಭಾಷಣ. ಅಧಿಕಾರಿಣಿ ಪುಸ್ತಕ ಹಿಡಿದು ಬಂದಳು, ಪೆನ್ನಿನ ಮುಚ್ಚಳ ತೆಗೆದಳು, ಹುಡುಗಿಯ ಹೆಸರು ಕೇಳಿದಳು. ಹುಡುಗಿ ತನ್ನ ಹೆಸರು ಹೇಳಲು ಬಾಯಿ ತೆರೆದಳು.

ನಾನು ನನ್ನ ಚೀಲವನ್ನು ಎತ್ತಿ ಮೇಜಿನ ಮೇಲಿಟ್ಟೆ. ಪೇಟವನ್ನು ಹೊರಗೆ ತೆಗೆದು ಬದಿಗಿಟ್ಟೆ. ಅದರ ಕೆಳಗಿನ ಡಬ್ಬಿಯನ್ನು ಹುಡುಗಿಯ ಡಬ್ಬಿಯ ಪಕ್ಕದಲ್ಲಿಟ್ಟೆ.

"ಮೊದಲು ಇದನ್ನು ಬರೆದುಕೊಳ್ಳಿ," ಎಂದೆ. "ತಂಡದ ನಾಯಕ ನಾನು."

ಗುತ್ತಿಗೆದಾರರು, "ಏನ್ರೀ ಇದು ಮೇಷ್ಟ್ರೇ!" ಎಂದರು. ಮ್ಯಾನೇಜರ್ ಬಾವುಟವನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಎರಡೂ ಕೈಯಲ್ಲಿ ತಲೆ ಹಿಡಿದುಕೊಂಡರು.

ಮಕ್ಕಳ ಕಡೆ ತಿರುಗಿದೆ. "ಚಟ್ನಿಪುಡಿ ತಂದಿರೋರೆಲ್ಲ ಕೆಂಪು ದಾರಿಗೆ ಬನ್ನಿ. ಈಗ ಕೊಟ್ಟರೆ ಚೀಟಿ, ಆಮೇಲೆ ಸಿಕ್ಕಿದರೆ ಕೇಸು. ಜೋಡಿ ಬಿಟ್ಟು ಬರಬಹುದು."

ಯಾರೂ ಅಲ್ಲಾಡಲಿಲ್ಲ. ಮಂಡ್ಯ ಜಿಲ್ಲೆಯಲ್ಲಿ ಮೇಷ್ಟ್ರು ತಪ್ಪೊಪ್ಪಿಕೊಳ್ಳಿ ಎಂದಾಗ ಒಪ್ಪಿಕೊಂಡು ಉದ್ಧಾರವಾದ ಉದಾಹರಣೆ ಇಲ್ಲ, ಮಕ್ಕಳಿಗೆ ಅದು ಗೊತ್ತು. ಕೊನೆಗೆ ನಾಲ್ಕನೆಯ ಜೋಡಿಯಿಂದ ಒಂದು ಚೀಲದ ಗಾಲಿ ಉರುಳಿದ ಸದ್ದಾಯಿತು. ಗುತ್ತಿಗೆದಾರರ ಮಗಳು.

"ಲೇ, ನೀನ್ಯಾಕ್ ಓಯ್ತಿದ್ದೀಯೇ?"

"ನನ್ ಬ್ಯಾಗಲ್ಲೂ ಐತೆ ಕಣಪ್ಪ."

"ಯಾವಳ್ ಇಟ್ಟಿದ್ದು?"

"ನೀನೇ ಅಲ್ವಾ ಅಮ್ಮಂಗ್ ಏಳಿ ಇಡ್ಸಿದ್ದು? ಸಂಜೆ ನೆಂಚ್ಕಳಕ್ ಬೇಕು, ನನ್ ಬ್ಯಾಗಲ್ ಇದ್ರೆ ನೋಡ್ತಾರೆ, ಮಗೀ ಬ್ಯಾಗಲ್ ಮಡಗು ಅಂತ. ನಂದಲ್ಲ ಇದು, ನಿಂದು."

ಅವಳು ಡಬ್ಬಿಯನ್ನು ಮೇಜಿನ ಮೇಲೆ ಇಟ್ಟ ಸದ್ದು ಸ್ವಲ್ಪ ಜೋರಾಗಿಯೇ ಇತ್ತು. ನಾನು ಮೇಲ್ಛಾವಣಿಯ ದೀಪಗಳನ್ನು ನೋಡಿದೆ. ಬಹಳ ಅಚ್ಚುಕಟ್ಟಾಗಿ ಕೂರಿಸಿದ್ದರು.

ಆಮೇಲೆ ಒಬ್ಬೊಬ್ಬರಾಗಿ ಬಂದರು. ಹನ್ನೊಂದು ಡಬ್ಬಿ ಸಾಲಾಗಿ ನಿಂತಾಗ ಅಧಿಕಾರಿಣಿ ಕೇಳಿದಳು, "ನೀವು ಶಾಲೆಯವರೋ, ವ್ಯಾಪಾರಕ್ಕೆ ಬಂದವರೋ?"

ಅವಳು ಯಾವುದನ್ನೂ ರಿಯಾಯಿತಿಗೆ ಬಿಡಲಿಲ್ಲ. ಪ್ರತಿ ಡಬ್ಬಿಯನ್ನೂ ತೂಗಿದಳು, ಬಟ್ಟೆ ಬಿಚ್ಚಿದಳು, ಫೋಟೋ ತೆಗೆದಳು, ಹಳದಿ ಚೀಲಕ್ಕೆ ಸುರಿದು ಖಾಲಿ ಡಬ್ಬಿ ವಾಪಸು ಕೊಟ್ಟಳು, ಚೀಟಿ ಬರೆದಳು, ಮೊಹರು ಒತ್ತಿದಳು. ಹೇಳಿಕೆಯ ಮಾತು ಮತ್ತೆ ಬರಲಿಲ್ಲ. ಎಲ್ಲರೂ ತಾವಾಗಿಯೇ ಒಪ್ಪಿಸಿದವರು ಎಂದು ಬರೆದುಕೊಂಡಳು. ನನ್ನ ಪ್ರಮಾಣಪತ್ರ ನೋಡಬೇಕೆಂದಳು. ಕನ್ನಡದಲ್ಲಿತ್ತು. ಏನಿದೆ ಇದರಲ್ಲಿ ಎಂದಳು. "ಎಲ್ಲವನ್ನೂ ಪರಿಶೀಲಿಸಿದ್ದೇನೆ ಎಂದಿದೆ," ಎಂದೆ. ಅವಳು ನನ್ನನ್ನು ನೋಡಿದಂತೆ ನಮ್ಮ ಶಿಕ್ಷಣಾಧಿಕಾರಿಗಳೂ ಎಂದೂ ನೋಡಿಲ್ಲ.

"ಸಾರ್, ಅದ್ನೆಲ್ಲ ಏನ್ ಮಾಡ್ತರೆ?" ಎಂದು ಒಬ್ಬ ಕೇಳಿದ.

"ಸುಡ್ತಾರಂತೆ."

"ಕೆಂಡದ್ ಮ್ಯಾಲಾ?"

ಆ ದಿನ ಮಕ್ಕಳೆಲ್ಲ ನಕ್ಕದ್ದು ಅದೊಂದೇ ಸಲ. ಅಧಿಕಾರಿಣಿ ತಲೆಯೆತ್ತಿದ ಕೂಡಲೇ ಅದೂ ನಿಂತಿತು.

ಎರಡು ಗಂಟೆ ಹಿಡಿಯಿತು. ಟ್ರಂಕಿಗೆ ಔಷಧಿ ಹೊಡೆದು, ಒರೆಸಿ, ಪ್ಲಾಸ್ಟಿಕ್ ಸುತ್ತಿ ಕೊಟ್ಟರು. ಹೊರಗೆ ಬಂದಾಗ ಬಸ್ಸು ಇರಲಿಲ್ಲ. ಮ್ಯಾನೇಜರ್ ಯಾರೊಂದಿಗೋ ಫೋನಿನಲ್ಲಿ ಜಗಳವಾಡಿ ಸೋತು ಬಂದು, "ಟ್ರೈನಲ್ಲಿ ಹೋಗಬೇಕು. ಪಕ್ಷಿಧಾಮ ಕ್ಯಾನ್ಸಲ್. ಥ್ಯಾಂಕ್ಸ್ ಟು ಸಾರ್," ಎಂದು ಮಕ್ಕಳಿಗೆಲ್ಲ ಕೇಳುವಂತೆ ಘೋಷಿಸಿದರು. ಇಪ್ಪತ್ತನಾಲ್ಕು ಮುಖಗಳು ನನ್ನ ಕಡೆ ತಿರುಗಿದವು. ಮೇಡಂ ಅಂತೂ ನನ್ನೊಡನೆ ಮಾತು ಬಿಟ್ಟಿದ್ದರು. ಟೊಮೆಟೊ ಎಂದು ಹೇಳಿ ಸಿಕ್ಕಿಹಾಕಿಕೊಂಡದ್ದು ಅವರು.

ಅಲ್ಲಿನ ಸೆಕೆ ಮದ್ದೂರಿನ ಏಪ್ರಿಲ್ಲಿಗೆ ಒದ್ದೆ ಕಂಬಳಿ ಹೊದಿಸಿದಂತಿತ್ತು. ಹೋಟೆಲು ಮುಟ್ಟಲು ಎರಡು ಸಲ ರೈಲು ಬದಲಿಸಬೇಕು. ಟ್ರಂಕನ್ನು ಒಂದು ಕಡೆ ಹುಡುಗಿ, ಇನ್ನೊಂದು ಕಡೆ ನಾನು ಹಿಡಿದಿದ್ದೆವು. ಬಾಗಿಲು ಮುಚ್ಚುವ ಮುಂಚೆ ಹನ್ನೆರಡು ಜೋಡಿ ಒಳಗಿರಬೇಕು, ಆದರೆ ಕೂಗುವಂತಿಲ್ಲ. ಕೈ ಎತ್ತಿಸಿ ಎಣಿಸಿದೆ. ಮೊದಲನೆಯ ಸಲ ಇಪ್ಪತ್ತೈದು ಕೈ ಬಂದವು. ಇಪ್ಪತ್ತೈದನೆಯದು ಕಂಬಿ ಹಿಡಿದಿದ್ದ ಯಾವನೋ ಊರಿನವನದು. ನೆಲದ ಮೇಲೆ ಕೂತ ಮಕ್ಕಳನ್ನು ಸಿಬ್ಬಂದಿಯೊಬ್ಬ ಎಬ್ಬಿಸಿದ. ನೀರು ಕುಡಿಯಲು ಹೋದವಳನ್ನು, ಇಲ್ಲಿ ಏನೂ ಕುಡಿಯುವಂತಿಲ್ಲ ಎಂದು ತಡೆದ. ಹೋಟೆಲಿನಲ್ಲಿ ಕೋಣೆ ಮೂರು ಗಂಟೆಗೆ ಎಂದರು. ಗೋಡೆಗೆ ಒರಗಬೇಡಿ ಎಂದೂ ಹೇಳಿದರು. ಊಟದ ಮನೆಯಲ್ಲಿ ಒಪ್ಪಂದದ ಪ್ರಕಾರ ತೊವ್ವೆ ಬಂತು. ಅದಕ್ಕೆ ಸಕ್ಕರೆ ಹಾಕಿದ್ದರು. ಸಕ್ಕರೆ ಕಾರ್ಖಾನೆಯ ಹೊಗೆ ನೋಡಿಕೊಂಡೇ ಬೆಳೆದ ಮಕ್ಕಳು ಒಂದು ತುತ್ತು ಬಾಯಿಗಿಟ್ಟು ನನ್ನ ಮುಖ ನೋಡಿದರು. ಬಾಯಿಬಿಟ್ಟು ಬೈದಿದ್ದರೆ ವಾಸಿಯಿತ್ತು.

ಸಂಜೆ ಆರಕ್ಕೆ ದಿನದ ವರದಿ ಬರೆಯಲು ಹೋಟೆಲಿನ ಹಜಾರದಲ್ಲಿ ಕೂತೆ. ನಾಯಕನೂ ಪೋಷಕರ ಪ್ರತಿನಿಧಿಯೂ ಸಹಿ ಹಾಕಿ, ಏಳರೊಳಗೆ ಅದರ ಫೋಟೋವನ್ನು ಶಾಲೆಯ ಕಾರ್ಯದರ್ಶಿಗಳಿಗೆ ಕಳಿಸಬೇಕು. ಗುತ್ತಿಗೆದಾರರು ಎದುರಿಗೆ ಬಂದು ಕೂತರು. ನಾನು ನಡೆದದ್ದನ್ನು ನಡೆದಂತೆ ಬರೆದೆ. ಕೆಳಗೆ ಪಟ್ಟಿ: ಒಂದು, ತಂಡದ ನಾಯಕ. ಎರಡು, ಪೂರಿಗಾಲಿಯ ವಿದ್ಯಾರ್ಥಿನಿ. ಮೂರು, ಗುತ್ತಿಗೆದಾರರ ಮಗಳು. ಹೀಗೆ ಹನ್ನೊಂದು. ಕೊನೆಗೆ, 'ಕಲಮು ಐದರ ಪ್ರಕಾರ ಮೇಲ್ಕಂಡ ಯಾರೂ ವೇದಿಕೆ ಏರತಕ್ಕದ್ದಲ್ಲ.'

ಅವರು ಓದಿದರು. ಮೂರನೆಯ ಸಾಲಿನ ಮೇಲೆ ಬೆರಳಿಟ್ಟರು.

"ಇದ್ನ ತೆಗೀರಿ."

"ತೆಗೆಯಬಹುದು. ಆ ಡಬ್ಬಿ ಯಾರದು ಅಂತ ಬರೀಲಿ?"

ಅವರು ಹಲ್ಲು ಕಡಿದರು. "ನೀವ್ ನಮ್ಮೋರ್ ಆಗಿ ಇಂಗ್ ಮಾಡ್ತೀರಾ? ಒಂದ್ ಎಣ್ಮಗಳು, ನಾಲ್ಕ್ ಜನದ್ ಮುಂದೆ ಇಂಗ್ಲೀಸ್ ಮಾತಾಡ್ಲಿ ಅಂದ್ರೆ ತಪ್ಪಾ?"

"ತಪ್ಪಲ್ಲ. ಪೆಟ್ಟಿಗೆ ಅವಳದಲ್ಲ, ಅಷ್ಟೇ."

"ಅಂಗಾದ್ರೆ ಎಲ್ಲಾರ್ ಎಸ್ರೂ ತೆಗುದ್ಬುಡಿ."

"ನನ್ನ ಹೆಸರು ಬಿಟ್ಟು," ಎಂದೆ.

ಹೊಸ ಹಾಳೆ ತೆಗೆದುಕೊಂಡು ಬರೆದೆ: 'ತಂಡದ ಹನ್ನೊಂದು ಡಬ್ಬಿ ಉಪ್ಪುಕಂಡವನ್ನು ಇಲ್ಲಿನ ಅಧಿಕಾರಿಗಳಿಗೆ ಒಪ್ಪಿಸಲಾಯಿತು. ಹೊರಡುವ ಮುಂಚೆ ಇವೆಲ್ಲ ಏನೆಂದು ತಿಳಿದೂ ಬಿಟ್ಟವನು, ತಾನೂ ಒಂದು ತಂದವನು, ಏನೂ ಇಲ್ಲವೆಂದು ಪ್ರಮಾಣಪತ್ರ ಕೊಟ್ಟವನು ನಾಯಕನಾದ ನಾನು. ಅಡಚಣೆಗೆ ನಾನೇ ಹೊಣೆ. ಕಲಮು ಐದರ ಪ್ರಕಾರ ನಾನು ವೇದಿಕೆ ಏರುವುದಿಲ್ಲ. ವಂದನಾ ಭಾಷಣವನ್ನು ವಿಜ್ಞಾನದ ಮೇಡಂ ಮಾಡುವರು. ಮಾದರಿಯ ಬಗ್ಗೆ ಅದನ್ನು ಮಾಡಿದ ವಿದ್ಯಾರ್ಥಿನಿ ಮಾತನಾಡುವಳು.'

ಮೊದಲ ಹಾಳೆಯನ್ನು ಮಡಿಸಿ ನನ್ನ ಜೇಬಿನಲ್ಲಿಟ್ಟುಕೊಂಡೆ. ಜೆರಾಕ್ಸ್ ಮಡಿಸಿಟ್ಟುಕೊಳ್ಳುವುದನ್ನು ನಾನು ಅವರಿಂದಲೇ ಕಲಿತಿದ್ದೆ. ಅವರು ನನ್ನ ಜೇಬನ್ನೇ ನೋಡುತ್ತಾ ಎರಡನೆಯ ಹಾಳೆಗೆ ಸಹಿ ಹಾಕಿದರು. ಪೆನ್ನು ಹಾಳೆಯನ್ನು ಹರಿಯುವಂತಿತ್ತು.

"ಊರಿಗ್ ಬನ್ನಿ ಮೇಷ್ಟ್ರೇ. ಮಂಡಳಿ ಮುಂದೆ ನೋಡ್ಕತೀನಿ."

"ಬರ್ತೀನಿ. ರಿಟರ್ನ್ ಟಿಕೆಟ್ ಇದೆಯಲ್ಲ."

ವರದಿ ಹೋಯಿತು. ಕಾರ್ಯದರ್ಶಿಗಳಿಂದ ಉತ್ತರವಾಗಿ ಒಂದೇ ಸಾಲು ಬಂತು: 'ನೋಡಿದೆ. ಬಂದ ಮೇಲೆ ಕಾರಣ ಕೇಳಿ ನೋಟಿಸು ಕೊಡಲಾಗುವುದು.' ವಾಕ್ಯರಚನೆ ಚೆನ್ನಾಗಿತ್ತು. ಅವರಿಗೆ ಅದನ್ನು ಕಲಿಸಿದವನೂ ನಾನೇ.

ಹುಡುಗಿಯನ್ನು ಕರೆಸಿದೆ. ಅವಳು ಭಾಷಣದ ಹಾಳೆ ಹಿಡಿದು ಬಂದಳು. ಇಂಗ್ಲಿಷಿನ ಸಾಲು, ಅದರ ಕೆಳಗೆ ಅದೇ ಸಾಲು ಕನ್ನಡ ಅಕ್ಷರದಲ್ಲಿ. ತುದಿಗಳು ಬೆವರಿಗೆ ಮೆತ್ತಗಾಗಿದ್ದವು.

"ನಾಳೆ ನೀನೇ ಮಾತಾಡೋದು," ಎಂದೆ.

ಅವಳು ತಲೆಯಾಡಿಸಿದಳು. ಹೋಗಲಿಲ್ಲ. "ಸಾರ್, ಏನ್ ಒಣುಗ್ಸಿದ್ದೆ ಅಂತ ಕೇಳುದ್ರೆ?"

ನಾನು ಹಾಳೆ ಇಸಿದುಕೊಂಡೆ. ಟೊಮೆಟೊ ಎಂಬ ಪದ ನಾಲ್ಕು ಕಡೆ ಇತ್ತು. ಕೆಂಪು ಪೆನ್ನು ತೆಗೆದು ನಾಲ್ಕನ್ನೂ ಹೊಡೆದು ಹಾಕಿದೆ. ಮೂವತ್ತು ವರ್ಷದಿಂದ ಮಕ್ಕಳ ತಪ್ಪಿಗೆ ಬಳಸುತ್ತಿದ್ದ ಪೆನ್ನು ಅದು.

"ಅಲ್ಲಿ ಏನ್ ಬರೀಲಿ ಸಾರ್? ಇಂಗ್ಲೀಸ್ನಲ್ ಅದುಕ್ಕೇನಂತರೆ?"

ಅಷ್ಟರಲ್ಲಿ ಅವಳೇ ಜಾಮಿಟ್ರಿ ಬಾಕ್ಸಿನಿಂದ ನಾಲ್ಕಾಗಿ ಮಡಿಸಿದ ಒಂದು ಚೀಟಿ ತೆಗೆದು ಬಿಡಿಸಿದಳು. ಬೆಳಿಗ್ಗೆ ಅಧಿಕಾರಿಣಿ ಬರೆದುಕೊಟ್ಟ ಚೀಟಿ. ದಿನಾಂಕ, ತೂಕ, ಮೊಹರು, ನಡುವೆ ದೊಡ್ಡ ಇಂಗ್ಲಿಷ್ ಅಕ್ಷರದಲ್ಲಿ, ಯಾವ ಅನುಮಾನಕ್ಕೂ ಎಡೆಯಿಲ್ಲದಂತೆ, ಪದಾರ್ಥದ ಹೆಸರು.

"ನೋಡ್ಕೊಂಡು ಬರಿ," ಎಂದೆ. "ಸ್ಪೆಲ್ಲಿಂಗ್ ತಪ್ಪಬೇಡ."